ವಾಲ್ವಿನ ತಲೆಯ ಮೇಲಿನ ಗೆರೆ

ಹಳೆಯ ಅಂಬಾಸಡರಿನ ರಾಕರ್ ಶಾಫ್ಟನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟು, ಎಂಟು ವಾಲ್ವುಗಳ ತುದಿಯನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಪ್ರತಿಯೊಂದರ ಮೇಲೂ ಒಂದು ಹೊಳೆಯುವ ಪಟ್ಟಿ ಇರುತ್ತದೆ. ರಾಕರ್ ವರ್ಷಗಟ್ಟಲೆ ಉಜ್ಜಿದ ಗುರುತು ಅದು. ಕೆಲವು ವಾಲ್ವುಗಳಲ್ಲಿ ಪಟ್ಟಿ ಅಕ್ಕಿಕಾಳಿನಷ್ಟು ಕಿರಿದು. ಕೆಲವದರಲ್ಲಿ ತುದಿಯ ಅರ್ಧವನ್ನೇ ನುಂಗಿದಷ್ಟು ಅಗಲ, ಒಂದು ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ. ಇಂಜಿನ್ ಹೇಗೆ ಬದುಕಿತು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಜಾಗ ಅದರೊಳಗೆ ಇನ್ನೊಂದಿಲ್ಲ. ಆದರೆ ಗ್ಯಾರೇಜಿನಲ್ಲಿ ಇದನ್ನು ಓದುವವರು ಕಡಿಮೆ. ತುದಿಯನ್ನು ಗ್ರೈಂಡರಿಗೆ ಹಿಡಿದು ಸಪಾಟು ಮಾಡಿ, ಹೆಡ್ ಕೂರಿಸಿ, ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಸೆಟ್ ಮಾಡಿದರೆ ಕೆಲಸ ಮುಗಿಯಿತು ಎಂಬುದು ರೂಢಿ.

ಟ್ಯಾಪೆಟ್ ಸೆಟ್ಟಿಂಗ್ ಬೇರೆ, ವಾಲ್ವ್ ಟ್ರೇನಿನ ಜ್ಯಾಮಿತಿ ಬೇರೆ. ಮೊದಲನೆಯದು ರಾಕರಿಗೂ ವಾಲ್ವಿಗೂ ನಡುವಿನ ಸಂದು ಎಷ್ಟಿರಬೇಕು ಎಂಬ ಪ್ರಶ್ನೆ. ಎರಡನೆಯದು ರಾಕರ್ ಯಾವ ಕೋನದಲ್ಲಿ ನಿಂತು, ಯಾವ ಕಮಾನಿನಲ್ಲಿ ತೂಗಿ, ವಾಲ್ವಿನ ತುದಿಯ ಎಲ್ಲಿಂದ ಎಲ್ಲಿಗೆ ಜಾರುತ್ತದೆ ಎಂಬ ಪ್ರಶ್ನೆ. ಅಡ್ಜಸ್ಟರ್ ಸ್ಕ್ರೂ ಮೊದಲನೆಯದನ್ನು ಸರಿಮಾಡುತ್ತದೆ. ಎರಡನೆಯದನ್ನು ಅದು ಮುಚ್ಚಿಡುತ್ತದೆ. ಹೆಡ್ಡಿನಿಂದ ಎಷ್ಟೇ ಲೋಹ ತೆಗೆದಿರಲಿ, ಕ್ಯಾಮನ್ನು ಎಷ್ಟೇ ಸವೆಸಿರಲಿ, ಸ್ಕ್ರೂ ತಿರುಗಿಸಿ ಹದಿನೈದು ಥೌ (ಇಂಚಿನ ಸಾವಿರದಲ್ಲಿ ಹದಿನೈದು ಪಾಲು) ಸಂದು ತಂದುಬಿಡಬಹುದು. ಗೇಜು ಹಿತವಾಗಿ ಬಿಗಿಯಾಗಿ ಜಾರುತ್ತದೆ, ಇಂಜಿನ್ ಸದ್ದಿಲ್ಲದೆ ಓಡುತ್ತದೆ. ಸಾವಿರಾರು ಕಿಲೋಮೀಟರಿನ ಮೇಲೆ ವಾಲ್ವ್ ಗೈಡು ಅಂಡಾಕಾರವಾಗಿ ನೀಲಿ ಹೊಗೆ ಶುರುವಾದಾಗ ತಪ್ಪು ಯಾರದೆಂದು ಯಾರಿಗೂ ತೋಚುವುದಿಲ್ಲ.

ಅಂಬಾಸಡರನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. 1950ರ ದಶಕದ ಕೊನೆಯಲ್ಲಿ ಉತ್ತರಪಾರಾದ ಕಾರ್ಖಾನೆಯಿಂದ ಹೊರಬಂದ ಮೊದಲ ಅಂಬಾಸಡರುಗಳಲ್ಲಿದ್ದದ್ದು ಸೈಡ್ ವಾಲ್ವ್ ಇಂಜಿನ್. ಅಲ್ಲಿ ಕ್ಯಾಮಿನ ಮೇಲೆ ಟ್ಯಾಪೆಟ್, ಟ್ಯಾಪೆಟ್ಟಿನ ಮೇಲೆ ನೇರವಾಗಿ ವಾಲ್ವು. ರಾಕರೇ ಇಲ್ಲ, ಆದ್ದರಿಂದ ಈ ತಲೆನೋವೂ ಇಲ್ಲ. 1959ರಲ್ಲಿ ಅದರ ಜಾಗಕ್ಕೆ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಬಿ-ಸೀರೀಸ್ ಮನೆತನದ 1489 ಸಿಸಿ ಓವರ್‌ಹೆಡ್ ವಾಲ್ವ್ ಇಂಜಿನ್ ಬಂತು. ಇಂಗ್ಲೆಂಡಿನಲ್ಲಿ ಎಂಜಿ ಮ್ಯಾಗ್ನೆಟ್, ಮಾರಿಸ್ ಆಕ್ಸ್‌ಫರ್ಡ್, ಎಂಜಿಎ ಕಾರುಗಳನ್ನು ಎಳೆದದ್ದು ಇದೇ ಇಂಜಿನ್. 1962ರ ಎಂಜಿಬಿಯಲ್ಲಿದ್ದದ್ದು ಇದೇ ವಂಶದ 1798 ಸಿಸಿಯದು. ಹೀಗಾಗಿ ಬರ್ಮಿಂಗ್‌ಹ್ಯಾಮಿನ ಶೆಡ್ಡಿನಲ್ಲಿ ಎಂಜಿಬಿ ಕಟ್ಟುವವನೂ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಅಂಬಾಸಡರ್ ಕಟ್ಟುವವನೂ ಎದುರಿಸುವ ಪ್ರಶ್ನೆ ಒಂದೇ. ಇಬ್ಬರೂ ಓದುವ ಸಲಹೆಗಳು ಮಾತ್ರ ಬಹುಪಾಲು ಅಮೆರಿಕದ ವಿ-8 ಇಂಜಿನ್ನಿಗಾಗಿ ಬರೆದವು. ಗೊಂದಲದ ಬೇರು ಅಲ್ಲಿದೆ.

ಮೊದಲು ಯಂತ್ರದ ಒಳಗನ್ನು ನೋಡೋಣ. ಬಿ-ಸೀರೀಸಿನಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನ ಪಕ್ಕದಲ್ಲಿ ಕೆಳಗೆ ತಿರುಗುತ್ತದೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಷ್ ರಾಡನ್ನು ಎತ್ತುತ್ತದೆ, ಪುಷ್ ರಾಡ್ ರಾಕರಿನ ಒಂದು ತೋಳನ್ನು ಎತ್ತುತ್ತದೆ, ಇನ್ನೊಂದು ತೋಳು ವಾಲ್ವನ್ನು ಒತ್ತಿ ತೆರೆಯುತ್ತದೆ. ವಾಲ್ವ್ ಕಡೆಯ ತೋಳು ಪುಷ್ ರಾಡ್ ಕಡೆಯದಕ್ಕಿಂತ ಸುಮಾರು 1.4 ಪಟ್ಟು ಉದ್ದ, ಹಾಗಾಗಿ ಕ್ಯಾಮ್ ಕೊಟ್ಟ ಎತ್ತರ ವಾಲ್ವಿಗೆ ತಲುಪುವಾಗ ಅಷ್ಟು ಪಟ್ಟು ಹಿಗ್ಗಿ ಒಟ್ಟು ಒಂಬತ್ತು ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಇಡೀ ಸರಣಿಯಲ್ಲಿ ರಾಕರ್ ಒಂದನ್ನು ಬಿಟ್ಟು ಉಳಿದೆಲ್ಲವೂ ಹೆಚ್ಚುಕಮ್ಮಿ ನೇರವಾಗಿ ಮೇಲೆ ಕೆಳಗೆ ಹೋಗುವಂಥವು. ರಾಕರ್ ಮಾತ್ರ ವೃತ್ತದ ತುಂಡಿನಲ್ಲಿ ತೂಗುತ್ತದೆ. ನೇರ ನಡಿಗೆಯವನ ಜೊತೆ ವೃತ್ತದ ನಡಿಗೆಯವನು ಕೈ ಹಿಡಿದು ಹೋಗಬೇಕಾದರೆ ಎಲ್ಲೋ ಒಂದು ಕಡೆ ಜಾರಲೇಬೇಕು. ಆ ಜಾರುವ ಜಾಗವೇ ವಾಲ್ವಿನ ತುದಿ.

ಬಾವಿಯ ಏತವನ್ನು ನೋಡಿದವರಿಗೆ ಇದು ಸುಲಭ. ಏತದ ಮರ ಅಡ್ಡಲಾಗಿ ಸಮವಾಗಿರುವಾಗ ಅದರ ತುದಿ ಕಂಬದಿಂದ ಅತಿ ದೂರದಲ್ಲಿರುತ್ತದೆ. ಮರ ಮೇಲೆದ್ದರೂ ಕೆಳಗಿಳಿದರೂ ತುದಿ ಕಂಬದ ಕಡೆಗೆ ಸರಿಯುತ್ತದೆ. ತೂಗಾಟದ ಅರ್ಧ ಸಮರೇಖೆಯ ಮೇಲೆ, ಅರ್ಧ ಕೆಳಗೆ ಇರುವಂತೆ ಕಂಬದ ಎತ್ತರ ಹೊಂದಿಸಿದರೆ ತುದಿಯ ಅಡ್ಡ ಸರಿದಾಟ ಅತಿ ಕಡಿಮೆ. ಕಂಬ ಗಿಡ್ಡವಾದರೂ ಎತ್ತರವಾದರೂ ತೂಗಾಟವೆಲ್ಲ ಒಂದೇ ಬದಿಗೆ ಬಿದ್ದು, ಹಗ್ಗ ಬಾವಿಯ ಬಾಯಿಗೆ ಉಜ್ಜುತ್ತದೆ. ರಾಕರ್ ಶಾಫ್ಟ್ ಇಲ್ಲಿನ ಕಂಬ, ವಾಲ್ವ್ ಇಲ್ಲಿನ ಹಗ್ಗ, ವಾಲ್ವ್ ಗೈಡೇ ಬಾವಿಯ ಬಾಯಿ. ನಿಯಮವನ್ನು ಹೀಗೆ ಹೇಳಬಹುದು: ವಾಲ್ವು ಅರ್ಧ ತೆರೆದಿರುವಾಗ, ಶಾಫ್ಟಿನ ನಡುವಿನಿಂದ ರಾಕರಿನ ಮೂತಿಯ ವರೆಗೆ ಎಳೆದ ಗೆರೆ ವಾಲ್ವಿನ ಕಾಂಡಕ್ಕೆ ಲಂಬವಾಗಿರಬೇಕು. ಇಂಜಿನ್ ಕಟ್ಟುವವರು ಇದನ್ನೇ ಮಿಡ್-ಲಿಫ್ಟ್ ಎನ್ನುತ್ತಾರೆ.

ಮೂತಿ ಎಂದೆ. ಮೂತಿಯ ಯಾವ ಬಿಂದು? ರೋಲರ್ ರಾಕರ್ ಆದರೆ ರೋಲರಿನ ಅಚ್ಚಿನ ನಡು. ಬಿ-ಸೀರೀಸಿನಂಥ ಉಬ್ಬು ಪ್ಯಾಡಿನ ರಾಕರಾದರೆ ಆ ಉಬ್ಬು ಯಾವ ವೃತ್ತದ ತುಣುಕೋ ಆ ವೃತ್ತದ ಕೇಂದ್ರ. ಕಣ್ಣಿಗೆ ಕಾಣುವ ಮುಟ್ಟುವ ಜಾಗವಲ್ಲ. ರಾಕರಿನ ಮೇಲ್ಮೈಗೆ ಸ್ಕೇಲು ಹಿಡಿದು ಕೋನ ನೋಡುವವರು ಮೋಸಹೋಗುವುದು ಇಲ್ಲೇ. ರಾಕರಿನ ಬೆನ್ನು ಯಾವ ಆಕಾರದಲ್ಲಿ ಎರಕವಾಗಿದೆ ಎನ್ನುವುದಕ್ಕೂ ಜ್ಯಾಮಿತಿಗೂ ಸಂಬಂಧವೇ ಇಲ್ಲ.

ತಪ್ಪಿದರೆ ಎಷ್ಟು ನಷ್ಟ? ಕೈಲೆಕ್ಕ ಹಾಕಬಹುದು. ವಾಲ್ವ್ ಕಡೆಯ ತೋಳು 36 ಮಿ.ಮೀ., ಲಿಫ್ಟ್ 9 ಮಿ.ಮೀ. ಎಂದಿಟ್ಟುಕೊಳ್ಳಿ. ಮಿಡ್-ಲಿಫ್ಟಿನಲ್ಲಿ ಲಂಬವಾಗಿದ್ದರೆ ತೋಳು ಸಮರೇಖೆಯ ಮೇಲೊಮ್ಮೆ ಕೆಳಗೊಮ್ಮೆ ಸುಮಾರು 7.2 ಡಿಗ್ರಿ ತೂಗುತ್ತದೆ. ವಾಲ್ವಿನ ತುದಿಯ ಮೇಲೆ ಸಂಪರ್ಕ ಬಿಂದು ಸರಿಯುವ ಅಗಲ 0.28 ಮಿ.ಮೀ. ಅದೇ, ವಾಲ್ವು ಮುಚ್ಚಿರುವಾಗಲೇ ತೋಳು ಲಂಬವಾಗಿದ್ದು ತೂಗಾಟ ಪೂರ್ತಿ ಕೆಳಗಡೆಗೆ ಬಿದ್ದರೆ ಅಗಲ 1.14 ಮಿ.ಮೀ. ನಾಲ್ಕು ಪಟ್ಟು! ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಬಿಟ್ಟು ಹೆದರಿಸುವುದು ಪ್ರಾಮಾಣಿಕವಲ್ಲ. ಮಿಡ್-ಲಿಫ್ಟ್ ಹೊಂದಿಸಿದ ರಾಕರ್ ತನ್ನ ಕಿರಿದಾದ ಓಣಿಯಲ್ಲಿ ಒಂದು ತೆರೆ-ಮುಚ್ಚಿಗೆ ಎರಡು ಸಲ ಹೋಗಿಬರುತ್ತದೆ, ತಪ್ಪಾಗಿ ಕೂತದ್ದು ಅಗಲ ಓಣಿಯಲ್ಲಿ ಒಂದೇ ಸಲ. ಆದ್ದರಿಂದ ಗೆರೆಯ ಅಗಲ ನಾಲ್ಕು ಪಟ್ಟಾದರೂ ಒಟ್ಟು ಸರಿದಾಟ ಎರಡು ಪಟ್ಟಷ್ಟೇ. ಮೂರು ಸಾವಿರ ಆರ್‌ಪಿಎಂನಲ್ಲಿ ಪ್ರತಿ ವಾಲ್ವು ನಿಮಿಷಕ್ಕೆ ಸಾವಿರದ ಐನೂರು ಸಲ ತೆರೆಯುತ್ತದೆ. ಒಂದು ಗಂಟೆ ಓಡಿದರೆ ಒಂದರಲ್ಲಿ ಸುಮಾರು ನೂರು ಮೀಟರ್, ಇನ್ನೊಂದರಲ್ಲಿ ಇನ್ನೂರು ಮೀಟರ್ ಸರಿದಾಟ. ಅಗಲದ ಹಾನಿ ಬೇರೆ ಬಗೆಯದು. ಸ್ಪ್ರಿಂಗಿನ ಒತ್ತಡ ಅತಿ ಹೆಚ್ಚಿರುವ ಪೂರ್ಣ ಲಿಫ್ಟಿನಲ್ಲಿ ರಾಕರ್ ವಾಲ್ವಿನ ನಡುವನ್ನು ಬಿಟ್ಟು ಅಂಚನ್ನು ಒತ್ತುತ್ತದೆ. ಕಾಂಡವನ್ನು ಗೈಡಿನೊಳಗೆ ಓರೆ ಮಾಡುತ್ತದೆ. ಗೈಡಿನ ಎರಡೂ ಬಾಯಿ ತುತ್ತೂರಿಯಂತೆ ಅರಳುವುದು ಹೀಗೆ.

ಇಲ್ಲಿಯವರೆಗಿನ ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಜಗಳ ಶುರುವಾಗುವುದು ಸರಿಯಾಗಿದೆಯೇ ಎಂದು ಗುರುತಿಸುವುದು ಹೇಗೆ ಎಂಬಲ್ಲಿ.

ಹಳೆಯ ಪಂಥ ಹೇಳುವುದು ಗೆರೆ ನಡುವಿನಲ್ಲಿರಬೇಕು ಎಂದು. ವಾಲ್ವಿನ ತುದಿಗೆ ಮಾರ್ಕರ್ ಮಸಿ ಬಳಿ, ಇಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸು, ಮಸಿ ಅಳಿದ ಪಟ್ಟಿ ತುದಿಯ ನಟ್ಟನಡುವೆ ಇದ್ದರೆ ಪಾಸು. ಮಿಡ್-ಲಿಫ್ಟ್ ಪಂಥ ಇದನ್ನು ಒಪ್ಪುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ರಾಕರ್ ತಯಾರಕ ಜಿಮ್ ಮಿಲ್ಲರ್ ಈ ಹೆಸರಿಗೆ ಪೇಟೆಂಟಿನ ಬಲ ಕೊಟ್ಟು ಪ್ರಚಾರ ಮಾಡಿದ. ಈ ಪಂಥದ ವಾದ ಸರಳ: ಗೆರೆ ಎಲ್ಲಿದೆ ಎನ್ನುವುದಕ್ಕಿಂತ ಎಷ್ಟು ಕಿರಿದಾಗಿದೆ ಎಂಬುದು ಮುಖ್ಯ. ಗೆರೆಯ ಜಾಗವನ್ನು ನಿರ್ಧರಿಸುವುದು ರಾಕರಿನ ತೋಳಿನ ಉದ್ದ ಮತ್ತು ಶಾಫ್ಟ್ ವಾಲ್ವಿನಿಂದ ಎಷ್ಟು ದೂರದಲ್ಲಿದೆ ಎಂಬುದು. ಗೆರೆಯ ಅಗಲವನ್ನು ನಿರ್ಧರಿಸುವುದು ಶಾಫ್ಟಿನ ಎತ್ತರ. ಎತ್ತರವನ್ನು ಕೆಡಿಸಿ ಗೆರೆಯನ್ನು ನಡುವಿಗೆ ತರಬಹುದು. ಹಾಗೆ ತಂದ ಗೆರೆ ನಡುವಿನಲ್ಲಿರುತ್ತದೆ, ಆದರೆ ಎರಡು ಅಂಚಿನವರೆಗೂ ಹಬ್ಬಿರುತ್ತದೆ. ನನ್ನ ಮತ ಈ ಎರಡನೆಯ ಪಂಥದ ಕಡೆಗೆ. ಬಿ-ಸೀರೀಸಿನ ವಾಲ್ವ್ ಕಾಂಡ ಸುಮಾರು 8.7 ಮಿ.ಮೀ. ದಪ್ಪ. ಅದರ ಮೇಲೆ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದ ಕಿರಿದಾದ ಗೆರೆಯನ್ನು ನಾನು ಒಪ್ಪಿಕೊಂಡೇನು, ನಟ್ಟನಡುವಿನ ಅಗಲ ಗೆರೆಯನ್ನಲ್ಲ.

ಮೂರನೆಯ ವಾದವೂ ಇದೆ. ಸ್ಪ್ರಿಂಗ್ ಒತ್ತಡ ಪೂರ್ಣ ಲಿಫ್ಟಿನ ಹತ್ತಿರ ಹೆಚ್ಚಲ್ಲವೇ, ಹಾಗಿದ್ದರೆ ಲಂಬಕೋನವನ್ನು ಅರ್ಧಕ್ಕಿಂತ ಸ್ವಲ್ಪ ಮುಂದೆ ಇಟ್ಟರೆ ಅತಿ ಭಾರದ ಗಳಿಗೆಯಲ್ಲಿ ಅತಿ ಕಡಿಮೆ ಉಜ್ಜಾಟ ಅಲ್ಲವೇ ಎಂಬುದು. ತರ್ಕ ತಪ್ಪಲ್ಲ. ರಸ್ತೆಯ ಮೇಲೆ ಓಡುವ, ಮೃದು ಸ್ಪ್ರಿಂಗಿನ ಇಂಜಿನ್ನಿಗೆ ಅದರಿಂದ ಸಿಗುವ ಲಾಭ ನಮ್ಮ ಅಳತೆಯ ತಪ್ಪಿನಲ್ಲೇ ಮುಳುಗಿಹೋಗುತ್ತದೆ. ಅಷ್ಟು ಸಾಕು ಅದಕ್ಕೆ.

ಈಗ ಆ ಅಮೆರಿಕದ ಸಲಹೆಗೆ ಬರೋಣ. 1955ರಲ್ಲಿ ಎಡ್ ಕೋಲ್ ನೇತೃತ್ವದಲ್ಲಿ ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ-8 ಬಂದಾಗ ಅದರಲ್ಲಿ ರಾಕರ್ ಶಾಫ್ಟೇ ಇರಲಿಲ್ಲ. ಪಾಂಟಿಯಾಕ್‌ನ ಇಂಜಿನಿಯರ್ ಕ್ಲೇಟನ್ ಲೀಚ್ ರೂಪಿಸಿದ, ತಗಡನ್ನು ಒತ್ತಿ ಮಾಡಿದ ಹಗುರ ರಾಕರುಗಳು ಒಂದೊಂದು ಸ್ಟಡ್ಡಿನ ಮೇಲೆ ಒಂದೊಂದು ಗುಂಡಿನಲ್ಲಿ ತೂಗುತ್ತಿದ್ದವು. ಮೇಲಿನ ನಟ್ಟು ತಿರುಗಿಸಿದರೆ ರಾಕರಿನ ನಡುವೇ ಮೇಲೆ ಕೆಳಗೆ ಹೋಗುತ್ತದೆ. ಅಂದರೆ ಅಲ್ಲಿ ಕಂಬಕ್ಕೆ ಸ್ವಂತ ಎತ್ತರವಿಲ್ಲ. ಪುಷ್ ರಾಡ್ ಎಷ್ಟು ಉದ್ದವೋ ಅದರ ಮೇಲೆ ಕಂಬದ ಎತ್ತರ. ಆದ್ದರಿಂದ ಅಲ್ಲಿ ಜ್ಯಾಮಿತಿ ಸರಿಮಾಡು ಎಂದರೆ ಸರಿಯಾದ ಉದ್ದದ ಪುಷ್ ರಾಡ್ ಹುಡುಕು ಎಂದೇ ಅರ್ಥ. ಅಳತೆಗೆ ಬೇಕಾದಂತೆ 0.050 ಇಂಚಿನ ಹೆಜ್ಜೆಗಳಲ್ಲಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ.

ಈ ಮಾತನ್ನೇ ಬಿ-ಸೀರೀಸಿಗೆ, ಅದರ ತಮ್ಮನಾದ ಮಿನಿಯ ಎ-ಸೀರೀಸಿಗೆ, ನಮ್ಮ ಪದ್ಮಿನಿಯ 1089 ಸಿಸಿ ಫಿಯಟ್ ಇಂಜಿನ್ನಿಗೆ ಹೊರಿಸಿದರೆ ಎಡವಟ್ಟು. ಇವುಗಳಲ್ಲಿ ರಾಕರುಗಳೆಲ್ಲ ಒಂದೇ ಶಾಫ್ಟಿನ ಮೇಲೆ ಕೂತಿವೆ, ಶಾಫ್ಟನ್ನು ಹೆಡ್ಡಿಗೆ ಬಿಗಿದ ಕಾಲುಗಳು, ಅಂದರೆ ಪೆಡೆಸ್ಟಲುಗಳು, ಹಿಡಿದಿವೆ. ಕಂಬದ ಎತ್ತರ ಕಾಯಂ. ಪುಷ್ ರಾಡನ್ನು ಉದ್ದ ಮಾಡಿ, ಗಿಡ್ಡ ಮಾಡಿ, ವಾಲ್ವ್ ಕಡೆಯ ಜ್ಯಾಮಿತಿ ಒಂದು ಕೂದಲೂ ಅಲುಗದು. ಅಡ್ಜಸ್ಟರ್ ಸ್ಕ್ರೂ ಎಷ್ಟು ಹೊರಗೆ ಚಾಚಿದೆ ಎಂಬುದಷ್ಟೇ ಬದಲಾಗುತ್ತದೆ. ವಾಲ್ವ್ ಕಡೆ ಸರಿಮಾಡಬೇಕೆಂದರೆ ಪೆಡೆಸ್ಟಲಿನ ಕೆಳಗೆ ಶಿಮ್, ಅಂದರೆ ತೆಳು ಲೋಹದ ಹಾಳೆ, ಹಾಕಿ ಏರಿಸಬೇಕು, ಇಲ್ಲವೇ ಪೆಡೆಸ್ಟಲಿನ ಪಾದವನ್ನು ಮಿಲ್ಲಿಂಗ್ ಮಾಡಿಸಿ ಇಳಿಸಬೇಕು. ಎರಡು ಬದಿ, ಎರಡು ಬೇರೆ ಲೆಕ್ಕ. ಇದನ್ನು ಬೇರ್ಪಡಿಸಿಕೊಳ್ಳದೆ ಓದಿದ ಸಲಹೆ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಬೇರ್ಪಡಿಸಿಕೊಂಡರೆ ಲೇತಿನವರು ಮಾಡುವ ಪ್ರತಿಯೊಂದು ಕೆಲಸದ ಪರಿಣಾಮವೂ ತಿಳಿಯಾಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಕಾದು ಹೆಡ್ ಬಾಗಿತು, ಫೇಸಿಂಗ್ ಮಾಡಿಸಿದಿರಿ ಎನ್ನೋಣ. ಹೆಡ್ಡಿನ ಅಡಿಯಿಂದ ಒಂದು ಮಿಲಿಮೀಟರ್ ಹೋಯಿತು. ವಾಲ್ವುಗಳೂ ಪೆಡೆಸ್ಟಲುಗಳೂ ಎರಡೂ ಅದೇ ಹೆಡ್ಡಿನ ಮೇಲಿರುವುದರಿಂದ ಒಟ್ಟಿಗೇ ಕೆಳಗಿಳಿದವು. ಅವುಗಳ ನಡುವಿನ ಸಂಬಂಧ ಹಾಗೇ ಇದೆ. ಬದಲಾದದ್ದು ಕ್ಯಾಮಿಗೂ ರಾಕರಿಗೂ ನಡುವಿನ ದೂರ ಮಾತ್ರ, ಪುಷ್ ರಾಡ್ ಈಗ ಒಂದು ಮಿ.ಮೀ. ಉದ್ದವಾದಂತೆ. ಬ್ಲಾಕಿನ ಮೇಲ್ಮೈ ಕತ್ತರಿಸಿದರೂ ಇದೇ ಕತೆ. ಇದಕ್ಕೆ ಮದ್ದು ಗಿಡ್ಡ ಪುಷ್ ರಾಡ್. ಆದರೆ ಲೋಕದಲ್ಲಿ ನಡೆಯುವುದೇನು? ಹೆಡ್ ಫೇಸಿಂಗ್ ಆಯಿತೆಂದ ತಕ್ಷಣ ಪೆಡೆಸ್ಟಲಿನ ಕೆಳಗೆ ಶಿಮ್ ತುರುಕುವುದು. ಪುಷ್ ರಾಡಿನ ಲೆಕ್ಕ ಸರಿಹೋಗುತ್ತದೆ, ಅಡ್ಜಸ್ಟರ್ ತನ್ನ ಜಾಗಕ್ಕೆ ಬರುತ್ತದೆ, ಸರಿಯಾಗಿದ್ದ ವಾಲ್ವ್ ಕಡೆ ಕೆಡುತ್ತದೆ. ಆರೋಗ್ಯವಂತನಿಗೆ ಔಷಧಿ ಕುಡಿಸಿ, ರೋಗಿಯನ್ನು ಹಾಗೇ ಮಲಗಿಸಿದ ಹಾಗೆ. ಹೀಗೆ ಶಿಮ್ ಹಾಕಿದ ಒಂದು ಹೆಡ್ಡನ್ನು ನಾನು ಬಿಚ್ಚಿ ನೋಡಿದ್ದೇನೆ. ಶಿಮ್ಮುಗಳನ್ನು ತವರದ ಡಬ್ಬಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿದ್ದರು. ಕೈಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ.

ಇನ್ನು ವಾಲ್ವ್ ಕಡೆಯನ್ನು ನಿಜವಾಗಿ ಕೆಡಿಸುವ ಕೆಲಸಗಳು. ಸೀಟ್ ಕಟಿಂಗ್ ಮಾಡಿದಾಗಲೆಲ್ಲ ವಾಲ್ವು ಹೆಡ್ಡಿನೊಳಗೆ ಇನ್ನಷ್ಟು ಮುಳುಗುತ್ತದೆ, ಅದರ ತುದಿ ಅಷ್ಟೇ ಮೇಲೇಳುತ್ತದೆ. ಭಾರತದಲ್ಲೂ ಬ್ರಿಟನ್ನಿನಲ್ಲೂ 2000ದ ಹೊತ್ತಿಗೆ ಸೀಸದ ಪೆಟ್ರೋಲ್ ನಿಂತುಹೋಯಿತು. ಎರಕದ ಕಬ್ಬಿಣದ ಹೆಡ್ಡಿನಲ್ಲೇ ನೇರ ಕೊರೆದ ಎಕ್ಸಾಸ್ಟ್ ಸೀಟುಗಳಿಗೆ ಸೀಸವೇ ರಕ್ಷಾಕವಚವಾಗಿತ್ತು. ಅದಿಲ್ಲದೆ, ಅದರಲ್ಲೂ ಹೆದ್ದಾರಿಯ ವೇಗದಲ್ಲಿ, ಸೀಟು ತಾನಾಗೇ ಸವೆದು ವಾಲ್ವು ಮುಳುಗತೊಡಗುತ್ತದೆ. ಆಗ ಟ್ಯಾಪೆಟ್ ಸಂದು ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಟ್ಯಾಪೆಟ್ ಸೌಂಡ್ ನಿಂತಿತು ಎಂದು ಮಾಲೀಕ ಸಂತೋಷಪಡುವ ಹೊತ್ತಿಗೆ ವಾಲ್ವು ಪೂರ್ತಿ ಮುಚ್ಚದೆ ಸುಡಲು ಶುರುವಾಗಿರುತ್ತದೆ. ಗಟ್ಟಿ ಉಕ್ಕಿನ ಸೀಟ್ ಉಂಗುರ ಹಾಕಿಸಿದರೆ ರೋಗ ನಿಲ್ಲುತ್ತದೆ, ಆದರೆ ಉಂಗುರವನ್ನು ಎಷ್ಟು ಎತ್ತರಕ್ಕೆ ಕೂರಿಸಿ ಕತ್ತರಿಸಿದರು ಎಂಬುದರ ಮೇಲೆ ವಾಲ್ವಿನ ತುದಿ ಮತ್ತೆ ಹೊಸ ಜಾಗಕ್ಕೆ ಬರುತ್ತದೆ. ತುದಿಯನ್ನು ಗ್ರೈಂಡ್ ಮಾಡಿದರೆ ಕೆಳಗಿಳಿಯುತ್ತದೆ. ಇನ್ನೊಂದು ಕಾರಿನ ವಾಲ್ವು ತಂದು ಹಾಕಿದರೆ ಅದರ ಉದ್ದವೇ ಬೇರೆ. ತುದಿ ಎಷ್ಟು ಏರಿತೋ ಶಾಫ್ಟನ್ನೂ ಅಷ್ಟೇ ಏರಿಸಬೇಕು. ಬಿ-ಸೀರೀಸಿನ ವಾಲ್ವುಗಳು ನೆಟ್ಟಗೆ ನಿಂತಿರುವುದರಿಂದ ಒಂದು ಮಿಲಿಮೀಟರಿಗೆ ಒಂದು ಮಿಲಿಮೀಟರ್, ತ್ರಿಕೋನಮಿತಿ ಬೇಡ.

ಹೈ-ಲಿಫ್ಟ್ ಕ್ಯಾಮ್ ಹಾಕುವವರಿಗೆ ಲೆಕ್ಕ ತಿರುಗುಮುರುಗು. ಲಿಫ್ಟ್ ಎರಡು ಮಿ.ಮೀ. ಹೆಚ್ಚಿದರೆ ಅರ್ಧ ಲಿಫ್ಟಿನ ಬಿಂದು ಒಂದು ಮಿ.ಮೀ. ಕೆಳಗೆ ಹೋಗುತ್ತದೆ, ಶಾಫ್ಟನ್ನು ಅಷ್ಟು ಇಳಿಸಬೇಕು. ಮುಳುಗಿದ ಸೀಟು ಏರಿಸು ಎನ್ನುತ್ತದೆ, ಎತ್ತರದ ಕ್ಯಾಮ್ ಇಳಿಸು ಎನ್ನುತ್ತದೆ. ಹಳೆಯ ಸವೆದ ಹೆಡ್ಡಿಗೆ ರೇಸಿಂಗ್ ಕ್ಯಾಮ್ ಹಾಕಿದ ಒಬ್ಬ ಅದೃಷ್ಟವಂತನಲ್ಲಿ ಎರಡು ತಪ್ಪು ಸೇರಿ ಒಂದು ಸರಿಯಾಗಿಬಿಡಬಹುದು! ಎ-ಸೀರೀಸಿನಲ್ಲಿ ಇಂಜಿನ್ ಟ್ಯೂನಿಂಗ್ ಲೇಖಕ ಡೇವಿಡ್ ವಿಝಾರ್ಡ್ ಜನಪ್ರಿಯಗೊಳಿಸಿದ ಹೆಚ್ಚು ಅನುಪಾತದ ರಾಕರುಗಳಿಗೂ ಈ ಮಾತು ಅನ್ವಯ. 1.3ರ ಆಸುಪಾಸಿನ ಮೂಲ ರಾಕರ್ ತೆಗೆದು 1.5ರದು ಹಾಕಿದರೆ ಲಿಫ್ಟೂ ಬದಲು, ತೋಳಿನ ಆಕಾರವೂ ಬದಲು. ಡಬ್ಬಿಯ ಮೇಲೆ ಬರೆದ ಅನುಪಾತ ಎಂದೂ ಪೂರ್ತಿ ನಿಜವಲ್ಲ, ತೂಗಾಟದ ಪ್ರತಿ ಡಿಗ್ರಿಗೂ ಅದು ಸ್ವಲ್ಪ ಸ್ವಲ್ಪ ಬದಲಾಗುತ್ತಲೇ ಇರುತ್ತದೆ.

ಕ್ಯಾಮನ್ನು ಮರು-ಗ್ರೈಂಡ್ ಮಾಡಿಸಿದರೆ ಅದರ ತಳದ ವೃತ್ತ ಕಿರಿದಾಗುತ್ತದೆ, ಟ್ಯಾಪೆಟ್ ಕೆಳಗಿಳಿಯುತ್ತದೆ, ಪುಷ್ ರಾಡ್ ಗಿಡ್ಡವಾದಂತಾಗುತ್ತದೆ. ಇದು ಪುಷ್ ರಾಡ್ ಕಡೆಯ ವಿಷಯ. ಹೆಡ್ ಫೇಸಿಂಗ್ ಉದ್ದ ಮಾಡಿದ್ದನ್ನು ಇದು ಗಿಡ್ಡ ಮಾಡಿ ಸರಿತೂಗಿಸುವುದೂ ಉಂಟು.

ಸರಿ, ಕಟ್ಟುವಾಗ ಮಾಡುವುದು ಹೇಗೆ? ಇಂಜಿನ್ನನ್ನು ಒಮ್ಮೆ ಸುಳ್ಳು ಸುಳ್ಳೇ ಕಟ್ಟಬೇಕು. ಅಂತಿಮ ಕ್ಯಾಮ್, ಅಂತಿಮ ಟ್ಯಾಪೆಟ್, ಕೆಲಸ ಮುಗಿದ ಹೆಡ್, ಒಮ್ಮೆ ಬಿಗಿದು ಒತ್ತಿದ ಹಳೆಯ ಗ್ಯಾಸ್ಕೆಟ್. ವಾಲ್ವ್ ಸ್ಪ್ರಿಂಗಿನ ಬದಲು ಬೆರಳಲ್ಲಿ ಒತ್ತಬಹುದಾದ ಮೃದು ಸ್ಪ್ರಿಂಗು, ಹಾರ್ಡ್‌ವೇರ್ ಅಂಗಡಿಯದೂ ನಡೆಯುತ್ತದೆ. ಒಂದನೇ ಸಿಲಿಂಡರಿನ ಇನ್ಲೆಟ್ ಮತ್ತು ಎಕ್ಸಾಸ್ಟ್ ಎರಡನ್ನೂ ನೋಡಿ. ಎರಡೂ ಬೇರೆ ಬೇರೆ ಆಳಕ್ಕೆ ಮುಳುಗಿರುವುದು ಸಾಮಾನ್ಯ. ಸಂದನ್ನು ಸರಿಯಾಗಿ ಸೆಟ್ ಮಾಡಿ, ವಾಲ್ವ್ ರಿಟೇನರಿನ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಕ್ರ್ಯಾಂಕಿಗೆ ಕೋನಮಾಪಕ ಚಕ್ರ ಹಾಕಿ. ಮೊದಲು ಪೂರ್ಣ ಲಿಫ್ಟ್ ಎಷ್ಟೆಂದು ಬರೆದುಕೊಳ್ಳಿ. ಆಮೇಲೆ ತುದಿಗೆ ಮಸಿ ಬಳಿದು ಮೂರು ಕಡೆ ಸಂಪರ್ಕದ ಗುರುತು ತೆಗೆಯಿರಿ: ತೆರೆಯಲು ಶುರುವಾದಾಗ, ಅರ್ಧದಲ್ಲಿ, ಪೂರ್ಣದಲ್ಲಿ.

ಈ ಮೂರು ಗುರುತುಗಳು ಕೊಡುವಷ್ಟು ಖಚಿತ ಉತ್ತರ ಬೇರೆ ಯಾವ ಉಪಕರಣವೂ ಕೊಡುವುದಿಲ್ಲ. ಶುರುವಿನ ಗುರುತೂ ಪೂರ್ಣ ಲಿಫ್ಟಿನ ಗುರುತೂ ಒಂದರ ಮೇಲೊಂದು ಬಿದ್ದು, ಅರ್ಧದ್ದು ಅವೆರಡಕ್ಕಿಂತ ಒಂದಿಷ್ಟು ಆಚೆಗೆ, ಶಾಫ್ಟಿನಿಂದ ದೂರಕ್ಕೆ, ಬಿದ್ದಿದ್ದರೆ ಜ್ಯಾಮಿತಿ ಸರಿ. ಪೂರ್ಣ ಲಿಫ್ಟಿನ ಗುರುತು ಶುರುವಿನದಕ್ಕಿಂತ ಶಾಫ್ಟಿನ ಕಡೆಗೆ ಸರಿದಿದ್ದರೆ ಶಾಫ್ಟ್ ಎತ್ತರ ಹೆಚ್ಚಾಗಿದೆ, ಪೆಡೆಸ್ಟಲ್ ಮಿಲ್ಲಿಂಗಿಗೆ ಹೋಗಬೇಕು. ಶಾಫ್ಟಿನಿಂದ ದೂರಕ್ಕೆ ಸರಿದಿದ್ದರೆ ಶಾಫ್ಟ್ ತಗ್ಗಿದೆ, ಶಿಮ್ ಬೇಕು. ಗುರುತು ತೆಗೆಯುವ ಮೊದಲು ರಾಕರಿನ ಪ್ಯಾಡು ನೋಡಿಕೊಳ್ಳಿ. ಸವೆದು ಗುಂಡಿಬಿದ್ದ ಪ್ಯಾಡಿನಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಫೀಲರ್ ಗೇಜೂ ಅಂಥ ಗುಂಡಿಯ ಎರಡು ದಡಕ್ಕೆ ಹಾಸಿದ ಹಲಗೆಯಂತೆ ನಿಂತು ಸುಳ್ಳು ಸಂದು ತೋರಿಸುತ್ತದೆ, ಸೆಟ್ ಮಾಡಿದರೂ ಟಕಟಕ ಸದ್ದು ಹೋಗುವುದಿಲ್ಲ. ಶಾಫ್ಟಿನ ಅಡಿಭಾಗಕ್ಕೆ ಬೆರಳಾಡಿಸಿ. ಪುಷ್ ರಾಡೂ ವಾಲ್ವೂ ಎರಡೂ ರಾಕರನ್ನು ಮೇಲಕ್ಕೇ ಒತ್ತುವುದರಿಂದ ಶಾಫ್ಟ್ ಸವೆಯುವುದು ಕೆಳಗಡೆ, ಮೇಲಿನಿಂದ ನೋಡಿದರೆ ಹೊಸದರಂತೆ ಕಾಣುತ್ತದೆ.

ಶಿಮ್ ಹಾಕುವಾಗ ಬಿ-ಸೀರೀಸಿನಲ್ಲೂ ಎ-ಸೀರೀಸಿನಲ್ಲೂ ಒಂದು ವಿಚಿತ್ರ ನೆನಪಿರಲಿ. ಪೆಡೆಸ್ಟಲನ್ನು ಹಿಡಿದ ನಟ್ಟುಗಳಲ್ಲಿ ನಾಲ್ಕು ಹೆಡ್ಡಿನ ನಟ್ಟುಗಳೇ. ರಾಕರ್ ಶಾಫ್ಟ್ ತೆಗೆಯಬೇಕೆಂದರೆ ನೀರು ಖಾಲಿ ಮಾಡಿ, ಹೆಡ್ಡಿನ ಎಲ್ಲ ನಟ್ಟುಗಳನ್ನೂ ಕ್ರಮವಾಗಿ ಸಡಿಲಿಸಲೇಬೇಕು. ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಕಡೆ ಬಾಗಿ ನೀರು ಇಂಜಿನ್ನಿನೊಳಗೆ ಹೋಗಬಹುದು. ಅಂದರೆ ಶಿಮ್ ಹೆಡ್ಡಿನ ಬಿಗಿತದ ಹಾದಿಯಲ್ಲೇ ಕೂರುತ್ತದೆ. ಪೆಡೆಸ್ಟಲಿನ ಪೂರ್ತಿ ಪಾದಕ್ಕೆ ಹಾಸುವಂತೆ, ನಾಲ್ಕಕ್ಕೂ ಒಂದೇ ದಪ್ಪದಲ್ಲಿ, ಉಕ್ಕಿನದೇ ಇರಬೇಕು. ಡಬ್ಬಿಯ ತಗಡು ಬೇಡ.

ಪುಷ್ ರಾಡ್ ಕಡೆ ಕೊನೆಯದು. ಅಲ್ಲಿನ ಆದರ್ಶವೂ ಅದೇ, ಅರ್ಧ ಲಿಫ್ಟಿನಲ್ಲಿ ಪುಷ್ ರಾಡ್ ರಾಕರಿನ ತೋಳಿಗೆ ಲಂಬವಾಗಿ ನಿಲ್ಲುವುದು. ಆದರೆ ಅಡ್ಜಸ್ಟರಿನ ಗುಂಡು ಪುಷ್ ರಾಡಿನ ಬಟ್ಟಲೊಳಗೆ ಹೊರಳುವುದರಿಂದ ಇಲ್ಲಿ ಉಜ್ಜಾಟದ ಹಾನಿ ಕಡಿಮೆ, ಸ್ವಲ್ಪ ಸಡಿಲು ಬಿಡಬಹುದು. ಸ್ಕ್ರೂ ತನ್ನ ಓಟದ ನಡುಭಾಗದಲ್ಲಿರಲಿ. ತೀರಾ ಮೇಲಕ್ಕೆ ಹೋದರೆ ಬಟ್ಟಲಿನ ಅಂಚು ರಾಕರಿನ ಹೊಟ್ಟೆಗೆ ತಾಗುತ್ತದೆ. ತೀರಾ ಕೆಳಗೆ ಚಾಚಿದರೆ ಸ್ಕ್ರೂವಿನ ಮೇಲೆ ಬಾಗುವ ಹೊರೆ ಬೀಳುತ್ತದೆ. ಶಾಫ್ಟಿನ ಎತ್ತರ ಮೊದಲು, ಪುಷ್ ರಾಡಿನ ಉದ್ದ ಆಮೇಲೆ. ಈ ಕ್ರಮ ತಲೆಕೆಳಗಾದರೆ ಎರಡು ಸಲ ಪುಷ್ ರಾಡ್ ಮಾಡಿಸಬೇಕಾಗುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೇಕಾದ ಉದ್ದ ಸಿಗದಿದ್ದರೆ ಒಳ್ಳೆಯ ಲೇತಿನವನು ತುದಿ ಬಿಚ್ಚಿ ಕೊಳವೆ ಕತ್ತರಿಸಿ ಮತ್ತೆ ಕೂರಿಸಿ ಕೊಡುತ್ತಾನೆ. ಎಂಟೂ ಒಂದೇ ಉದ್ದವಿರುವಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಹೈ-ಲಿಫ್ಟ್ ಕ್ಯಾಮ್ ಇದ್ದರೆ ಮತ್ತೊಂದಿಷ್ಟು ಅಳತೆ ಉಳಿಯುತ್ತದೆ. ಪೂರ್ಣ ಲಿಫ್ಟಿನಲ್ಲಿ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ತಾಗುವ ಮೊದಲು ಒಂದೂವರೆ ಮಿ.ಮೀ. ಉಳಿದಿರಬೇಕು. ರಿಟೇನರ್ ಗೈಡಿಗೆ ಬಡಿಯಬಾರದು. ಪಿಸ್ಟನ್ನಿನ ಮೇಲೆ ಮಕ್ಕಳ ಜೇಡಿಮಣ್ಣಿನ ತುಂಡು ಅಂಟಿಸಿ ಎರಡು ಸುತ್ತು ತಿರುಗಿಸಿದರೆ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ ಗೊತ್ತಾಗುತ್ತದೆ. ಇನ್ಲೆಟ್ಟಿಗೆ ಎರಡು, ಎಕ್ಸಾಸ್ಟಿಗೆ ಎರಡೂವರೆ ಮಿ.ಮೀ. ರೂಢಿಯ ಕನಿಷ್ಠ.

ಓವರ್‌ಹೆಡ್ ಕ್ಯಾಮ್ ಇಂಜಿನ್ನಿನವರು ಈ ಗೋಜಲನ್ನು ನೋಡಿ ನಗಬಹುದು. ಜಾಗ್ವಾರ್ ಎಕ್ಸ್‌ಕೆ, ಔರೆಲಿಯೊ ಲಾಂಪ್ರೆದಿಯ ಫಿಯಟ್ ಟ್ವಿನ್ ಕ್ಯಾಮ್, ಇವುಗಳಲ್ಲಿ ಕ್ಯಾಮ್ ನೇರವಾಗಿ ವಾಲ್ವಿನ ಮೇಲಿನ ಬಕೆಟ್ಟನ್ನು ಒತ್ತುತ್ತದೆ. ರಾಕರ್ ಇಲ್ಲ, ಶಿಮ್ ಬದಲಿಸಿ ಸಂದು ಸೆಟ್ ಮಾಡಿದರಾಯಿತು. ಆದರೆ ಫೋರ್ಡ್ ಪಿಂಟೋ ಇಂಜಿನ್ನಿನವರು ನಗಲಾರರು. ಅಲ್ಲಿ ಕ್ಯಾಮ್ ಮೇಲಿದ್ದರೂ ನಡುವೆ ಬೆರಳಿನಂಥ ಫಾಲೋವರ್ ಇದೆ. ವಾಲ್ವಿನ ತುದಿ ಅರ್ಧ ಮಿಲಿಮೀಟರ್ ಏರಿದರೂ ಕ್ಯಾಮಿನ ಉಬ್ಬು ಫಾಲೋವರಿನ ಬೆನ್ನಿನ ಮೇಲೆ ಬೇರೆ ಕಡೆ ಜಾರುತ್ತದೆ. ಅದಕ್ಕೆ ಎಣ್ಣೆ ಚಿಮುಕಿಸುವ ಕೊಳವೆ ಕಟ್ಟಿಕೊಂಡರಂತೂ ಕ್ಯಾಮಿನ ಕತೆ ಮುಗಿಯಿತು.

ಎಣ್ಣೆಯ ಮಾತು ಬಂದದ್ದರಿಂದ: ಹಳೆಯ ಚಪ್ಪಟೆ ಟ್ಯಾಪೆಟ್ಟುಗಳು ನಿಜವಾಗಿ ಚಪ್ಪಟೆಯಲ್ಲ, ಕೆಳಮುಖ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ, ಕ್ಯಾಮಿನ ಉಬ್ಬು ಒಂದಿಷ್ಟು ಓರೆಯಾಗಿರುತ್ತದೆ. ಇವೆರಡೂ ಸೇರಿ ಟ್ಯಾಪೆಟ್ಟನ್ನು ತಿರುಗಿಸುತ್ತಲೇ ಇರುತ್ತವೆ. ತಿರುಗದ ಟ್ಯಾಪೆಟ್ ಸಾಯುತ್ತದೆ. ಮರು-ಗ್ರೈಂಡ್ ಮಾಡಿದ ಕ್ಯಾಮಿನ ಮೇಲೆ ಹಳೆಯ ಟ್ಯಾಪೆಟ್ ಕೂರಿಸುವುದು ಉಳಿತಾಯವಲ್ಲ. ಇಂದಿನ ಎಣ್ಣೆಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನ ಆರೋಗ್ಯಕ್ಕಾಗಿ ಸತು-ರಂಜಕದ ಅಂಶ ಕಡಿಮೆ ಮಾಡಿದ್ದಾರೆ, ಹಳೆಯ ಇಂ​ಜಿನ್ನಿಗೆ ಅದು ಹೆಚ್ಚಿರುವ ಎಣ್ಣೆಯನ್ನೇ ಹುಡುಕಿ ಹಾಕಬೇಕು.

ಇಷ್ಟೆಲ್ಲ ಯಾರಿಗೆ ಬೇಕು? ಭಾನುವಾರ ಕಬ್ಬನ್ ಪಾರ್ಕಿನ ಸುತ್ತ ಒಂದು ಸುತ್ತು ಹೊಡೆದು ಮನೆಗೆ ಬರುವ ಕಾರಿಗೆ, ಮೂಲ ಕ್ಯಾಮ್, ಮೂಲ ಸ್ಪ್ರಿಂಗ್ ಇರುವ ಇಂಜಿನ್ನಿಗೆ, ಅರ್ಧ ಮಿಲಿಮೀಟರ್ ತಪ್ಪಿನಿಂದ ಪ್ರಳಯವಾಗುವುದಿಲ್ಲ. ಬ್ರಿಟಿಷ್ ಕಾರ್ಖಾನೆಯೇ ಬಿ-ಸೀರೀಸಿನ ಪ್ರತಿ ರಾಕರನ್ನೂ ಈ ನಿಷ್ಠೆಯಿಂದ ಕೂರಿಸಿರಲಿಲ್ಲ, ಆದರೂ ಆ ಇಂಜಿನ್ನುಗಳು ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದವು. ನಾಲ್ಕು ಸಲ ಹೆಡ್ ಫೇಸಿಂಗ್, ಮೂರು ಸಲ ಸೀಟ್ ಕಟಿಂಗ್, ಒಮ್ಮೆ ಕ್ಯಾಮ್ ಗ್ರೈಂಡಿಂಗ್ ಕಂಡ ಇಂಜಿನ್ನಿನ ಮಾತು ಬೇರೆ. ನಮ್ಮಲ್ಲಿ ಉಳಿದಿರುವ ಅಂಬಾಸಡರುಗಳಲ್ಲಿ ಅಂಥವೇ ಹೆಚ್ಚು. ಅಲ್ಲಿ ಒಂದೊಂದು ಚಿಕ್ಕ ತಪ್ಪು ಇನ್ನೊಂದರ ಮೇಲೆ ಕೂತು ಒಂದೂವರೆ, ಎರಡು ಮಿಲಿಮೀಟರ್ ಆಗಿರುತ್ತದೆ. ಒಂದು ಶನಿವಾರದ ಸುಳ್ಳು ಜೋಡಣೆ, ಒಂದು ಮಾರ್ಕರ್ ಪೆನ್ನು ಅದನ್ನು ಹಿಡಿದುಕೊಡುತ್ತವೆ.

ಎಲ್ಲ ಬಿಗಿದು, ಒಂಬತ್ತರ ನಿಯಮದಂತೆ ಸಂದು ಸೆಟ್ ಮಾಡಿ. ಎಂಟನೇ ವಾಲ್ವು ಪೂರ್ತಿ ತೆರೆದಾಗ ಒಂದನೆಯದು, ಏಳನೆಯದು ತೆರೆದಾಗ ಎರಡನೆಯದು, ಹೀಗೆ ಎರಡೂ ಸಂಖ್ಯೆ ಕೂಡಿದರೆ ಒಂಬತ್ತು. ಹೊಸ ಕ್ಯಾಮಾದರೆ ಮೊದಲ ಸಲ ಸ್ಟಾರ್ಟ್ ಮಾಡಿದ ತಕ್ಷಣ ಐಡ್ಲಿಂಗಿಗೆ ಬಿಡದೆ ಇಪ್ಪತ್ತು ನಿಮಿಷ ಎರಡು ಸಾವಿರ ಆರ್‌ಪಿಎಂ ಮೇಲೆಯೇ ಇಡಬೇಕು. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಬಾಕಿ ಇದೆ. ರಾಕರ್ ಶಾಫ್ಟಿಗೆ ಎಣ್ಣೆ ಹತ್ತುವುದು ಒಂದು ಪೆಡೆಸ್ಟಲಿನೊಳಗಿನ ತೂತಿನಿಂದ. ಆ ಪೆಡೆಸ್ಟಲಿನ ಕೆಳಗೆ ಹಾಕಿದ ಶಿಮ್ಮಿಗೆ ತೂತು ಕೊರೆದಿದ್ದೀರಾ? ಪ್ಲಗ್ಗುಗಳನ್ನು ಬಿಚ್ಚಿ, ರಾಕರ್ ಕವರ್ ತೆಗೆದಿಟ್ಟು, ಸ್ಟಾರ್ಟರ್ ತಿರುಗಿಸಿ ನೋಡಿ. ಎಂಟೂ ರಾಕರಿನ ಬುಡದಲ್ಲಿ ಎಣ್ಣೆ ಜಿನುಗಿದ ಮೇಲೆ ಕವರ್ ಮುಚ್ಚಿ.